ಬೆಳಕು ಬೀಳುವ ಮೊದಲು

ಇಸ್ತ್ರಿಪೆಟ್ಟಿಗೆ ಕಾಲಿಗೆ ತಗುಲಿದ್ದು ಅಮ್ಮನಿಗೆ ಗೊತ್ತಾದದ್ದು ನೋವಿನಿಂದಲ್ಲ, ವಾಸನೆಯಿಂದ. ಅಂಗಡಿಯಲ್ಲಿ ಯಾರದೋ ಬಟ್ಟೆ ಸುಡುತ್ತಿದೆ ಎಂದುಕೊಂಡು ಮೇಜಿನ ಮೇಲೆಲ್ಲ ಹುಡುಕಿದಳಂತೆ. ಹ್ಯಾಂಗರಿನಲ್ಲಿ ತೂಗುತ್ತಿದ್ದ ಕೋಟುಗಳನ್ನು ಒಂದೊಂದಾಗಿ ಸರಿಸಿ ಮೂಸಿದಳಂತೆ. ಕೊನೆಗೆ ಕೆಳಗೆ ನೋಡಿದರೆ ಸ್ಟ್ಯಾಂಡಿನಿಂದ ಜಾರಿದ ಪೆಟ್ಟಿಗೆ ಅವಳ ಎಡಗಾಲಿನ ಪಕ್ಕಕ್ಕೆ ಒರಗಿಕೊಂಡು ನಿಂತಿತ್ತು. ಸಕ್ಕರೆ ಕಾಯಿಲೆ ಯಾವಾಗಲೋ ಅವಳ ಪಾದಗಳಿಂದ ಸ್ಪರ್ಶವನ್ನೇ ಕದ್ದುಬಿಟ್ಟಿತ್ತು. ಅದು ನಮಗೆ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.

ಸುಟ್ಟ ಗಾಯ ಮಾಯಲಿಲ್ಲ. ಬಗೆಬಗೆಯ ಮಾತ್ರೆ ನುಂಗಿದ್ದಾಯಿತು, ಇಂಜೆಕ್ಷನ್ ಚುಚ್ಚಿಸಿಕೊಂಡದ್ದಾಯಿತು. ಒಂದು ವಾರ ಒಣಗಿದಂತೆ ಕಂಡು ಮರುವಾರ ಮತ್ತೆ ಒಸರುತ್ತಿತ್ತು. ಮೊದಲು ನೋಡಿದ ಸರ್ಜನ್, ಹೀಗೇ ಮುಂದುವರಿದರೆ ಮೊಣಕಾಲಿನ ಕೆಳಗೆ ತೆಗೆಯಬೇಕಾಗುತ್ತದೆ ಎಂದರು. ತೆಗೆಯುವುದು ಎಂಬ ಮಾತನ್ನು ಅವರು ಎಷ್ಟು ಹಗುರವಾಗಿ ಹೇಳಿದರೆಂದರೆ, ಅಮ್ಮ ಬ್ಯಾಂಡೇಜಿನ ಬಗ್ಗೆ ಮಾತಾಡುತ್ತಿದ್ದಾರೆ ಎಂದೇ ತಿಳಿದು ತಲೆಯಾಡಿಸಿದಳು. ಹೊರಗೆ ಬಂದ ಮೇಲೆ ನಾನು ಬಿಡಿಸಿ ಹೇಳಬೇಕಾಯಿತು.

ಆಗ ಯಾರೋ ಹೇಳಿ ನಾವು ಈ ಇನ್ನೊಂದು ಆಸ್ಪತ್ರೆಗೆ ಬಂದೆವು. ಇಲ್ಲಿ ಇಂಥ ಹಠಮಾರಿ ಗಾಯಗಳಿಗೆ ಬೆಳಕಿನಿಂದ ಚಿಕಿತ್ಸೆ ಮಾಡುತ್ತಾರೆ. ಅದನ್ನು ನೋಡಿಕೊಳ್ಳುವವರು ಒಬ್ಬ ಸಣಕಲು ಡಾಕ್ಟರು. ಅಮ್ಮ ಮೊದಲ ದಿನವೇ ಅವರಿಗೆ ದೀಪದ ಡಾಕ್ಟರು ಎಂದು ಹೆಸರಿಟ್ಟಳು. ಅವರು ನಮ್ಮನ್ನು ಕೂರಿಸಿಕೊಂಡು ತಾಳ್ಮೆಯಿಂದ ವಿವರಿಸಿದರು. ಗಾಯದಲ್ಲಿರುವ ಕ್ರಿಮಿಗಳು ಬಿಡಿಬಿಡಿಯಾಗಿ ಇಲ್ಲ. ಒಟ್ಟಾಗಿ ಸೇರಿ ತಮ್ಮ ಸುತ್ತ ತಾವೇ ಒಂದು ಲೋಳೆಯ ಪದರ ಕಟ್ಟಿಕೊಂಡಿವೆ. ನೀರು ಬದಲಿಸದ ಹೂದಾನಿಯ ಒಳಗೆ ಬೆರಳಾಡಿಸಿದರೆ ಸಿಗುತ್ತದಲ್ಲ, ಅಂಥದೇ. ಔಷಧಿ ಅದರ ಮೇಲೆ ಜಾರಿಹೋಗುತ್ತದೆ, ಒಳಗಿಳಿಯುವುದಿಲ್ಲ. ಆದ್ದರಿಂದ ಗಾಯಕ್ಕೆ ಒಂದು ನೀಲಿ ಬಣ್ಣ ಹಾಕಿ, ಅದು ಲೋಳೆಯೊಳಗೆ ಇಳಿಯುವವರೆಗೆ ಕತ್ತಲಲ್ಲಿ ಕಾದು, ಆಮೇಲೆ ಕೆಂಪು ಬೆಳಕು ಬಿಡುತ್ತಾರೆ. ಬಣ್ಣಕ್ಕೆ ಬೆಳಕು ತಾಗಿದಾಗ ಅದರ ಪಕ್ಕದಲ್ಲಿರುವ ಕ್ರಿಮಿ ಸಾಯುತ್ತದೆ. ಬಣ್ಣ ತಲುಪದ ಕಡೆ ಬೆಳಕು ಬಿದ್ದರೂ ಒಂದೇ, ಬೀಳದಿದ್ದರೂ ಒಂದೇ.

ಅವರು ಹೇಳಿದ್ದು ಇಷ್ಟು. ಮನೆಗೆ ಬರುವಷ್ಟರಲ್ಲಿ ಅಮ್ಮನ ತಲೆಯಲ್ಲಿ ಉಳಿದದ್ದು ನನ್ನ ತಮ್ಮ ಹೇಳಿದ್ದು. ತಮ್ಮ ಯಾವುದನ್ನೂ ತಮಾಷೆ ಮಾಡದೆ ಬಿಡುವವನಲ್ಲ. ಕ್ರಿಮಿಗಳ ಮುಖಕ್ಕೆ ಟಾರ್ಚ್ ಹಿಡಿದರೆ ಅವು ನಾಚಿಕೊಂಡು ಓಡಿಹೋಗುತ್ತವೆ ಎಂದ. ಅಮ್ಮ ಬಹಳ ದಿನಗಳ ಮೇಲೆ ಅಂದು ನಕ್ಕಳು. ಅವಳು ನಗುತ್ತಿರುವಾಗ ತಿದ್ದಲು ನನಗೆ ಮನಸ್ಸಾಗಲಿಲ್ಲ.

ನಮ್ಮದು ಡ್ರೈಕ್ಲೀನಿಂಗ್ ಅಂಗಡಿ. ಅಪ್ಪ ಅಮ್ಮ ಸೇರಿ ಹಾಕಿದ್ದು. ಅಪ್ಪ ಹೋದ ಮೇಲೆ ತಮ್ಮ ನೋಡಿಕೊಳ್ಳುತ್ತಾನೆ. ಆದರೆ ಕಲೆ ತೆಗೆಯುವುದು ಮಾತ್ರ ಇವತ್ತಿಗೂ ಅಮ್ಮನೇ. ಹಿಂದುಗಡೆಯ ಕಿಟಕಿಯಿಲ್ಲದ ಕೋಣೆಯಲ್ಲಿ ಅವಳ ಮೇಜು, ಸ್ಪಿರಿಟ್ಟು, ವಿನೆಗರ್, ಮೆತ್ತನೆಯ ಬ್ರಷ್ಷು, ಚಚ್ಚೌಕವಾಗಿ ಕತ್ತರಿಸಿದ ಬಿಳಿ ಬಟ್ಟೆ ಚೂರುಗಳು. ಶಾಯಿ, ವೈನು, ರಕ್ತ, ಲಿಪ್‌ಸ್ಟಿಕ್ಕು, ಯಾವುದು ತಂದುಕೊಟ್ಟರೂ ಅದು ಹೇಗಾಯಿತು ಎಂದು ಅವಳು ಕೇಳುತ್ತಿರಲಿಲ್ಲ. ಬಿಸಿಲಿಗೆ ಹಾಕಿದ್ದೀರಾ ಎಂದು ಮಾತ್ರ ಕೇಳುತ್ತಿದ್ದಳು. ಹಾಕಿದ್ದೇವೆ ಎಂದವರ ಬಟ್ಟೆಯನ್ನು ಮಡಿಸಿ ವಾಪಸು ಕೊಡುತ್ತಿದ್ದಳು. ಅಂಚಿನಿಂದ ಶುರುಮಾಡಬೇಕು, ನಡುವಿನಿಂದಲ್ಲ, ನಡುವಿನಿಂದ ಉಜ್ಜಿದರೆ ಕಲೆ ಹರಡುತ್ತದೆ ಎಂಬುದು ನಾನೂ ತಮ್ಮನೂ ಅಕ್ಷರ ಕಲಿಯುವ ಮೊದಲೇ ಕಲಿತ ಪಾಠ.

ನನ್ನ ಕೆಲಸ ಪಠ್ಯಪುಸ್ತಕಗಳ ಕರಡು ತಿದ್ದುವುದು. ಮನೆಯಲ್ಲೇ ಕೂತು ಮಾಡಬಹುದಾದ್ದರಿಂದ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವುದು ನನ್ನ ಪಾಲಿಗೆ ಬಂತು. ತಪ್ಪು ಹುಡುಕುವ ಚಾಳಿ ಹಾಳೆಯ ಮೇಲೆ ಮಾತ್ರ ನಿಲ್ಲುವುದಿಲ್ಲ. ತಮ್ಮ ನನ್ನನ್ನು ಭೂತಗನ್ನಡಿ ಎಂದು ಕರೆಯುತ್ತಾನೆ. ಡಾಕ್ಟರು ಹೂದಾನಿಯ ಮಾತೆತ್ತಿದ ದಿನದಿಂದ ನನಗೆ ಲೋಳೆಯೇ ಕಾಣತೊಡಗಿತ್ತು. ಸೋಪಿನ ಪೆಟ್ಟಿಗೆಯ ಅಡಿಯಲ್ಲಿ, ಹಲ್ಲುಜ್ಜುವ ಬ್ರಷ್ಷು ನಿಲ್ಲಿಸುವ ಲೋಟದ ತಳದಲ್ಲಿ, ನಲ್ಲಿಯ ಬಾಯಿಯ ಒಳಸುತ್ತಿನಲ್ಲಿ. ಬೆರಳಿಟ್ಟು ನೋಡುತ್ತಿದ್ದೆ. ಎಲ್ಲ ಕಡೆಯೂ ಇತ್ತು. ಇಷ್ಟು ವರ್ಷ ನಮ್ಮ ಜೊತೆಗೇ, ಸದ್ದಿಲ್ಲದೆ.

ವಾರಕ್ಕೆ ಎರಡು ಸಲ ಹೋಗುತ್ತಿದ್ದೆವು. ಚಿಕ್ಕ ಕೋಣೆ, ಬಾಗಿಲಿಗೆ ದಪ್ಪ ಕಪ್ಪು ಪರದೆ. ಅಮ್ಮ ಎತ್ತರದ ಕುರ್ಚಿಯಲ್ಲಿ ಕೂತು ಬಿಳಿ ಹಾಸಿನ ಮೇಲೆ ಕಾಲು ಚಾಚುತ್ತಿದ್ದಳು. ಡಾಕ್ಟರು ಗಾಯಕ್ಕೆ ನೀಲಿ ಹನಿಸುತ್ತಿದ್ದರು. ಸಿಸ್ಟರ್ ದೀಪ ಆರಿಸಿ, ಬಣ್ಣ ಇಳಿಯಲಿ, ಅಲ್ಲಾಡಬೇಡಿ ಎಂದು ಹೇಳಿ ಪರದೆ ಎಳೆದುಕೊಂಡು ಹೋಗುತ್ತಿದ್ದಳು. ಅಷ್ಟು ಹೊತ್ತು ನಾನು ಮೂಲೆಯ ಸ್ಟೂಲಿನಲ್ಲಿ. ಕಣ್ಣು ತೆರೆದರೂ ಮುಚ್ಚಿದರೂ ವ್ಯತ್ಯಾಸ ತಿಳಿಯದ ಕತ್ತಲು. ಆ ಕತ್ತಲಲ್ಲಿ ಅಮ್ಮನ ಕಡೆಯಿಂದ ಮೆಲ್ಲಗೆ ಸರ್‌ಸರ್ ಎಂದು ಬಟ್ಟೆಯ ಸದ್ದು ಬರುತ್ತಿತ್ತು. ಕರವಸ್ತ್ರ ಮಡಿಸುತ್ತಿದ್ದಾಳೆ ಎಂದುಕೊಳ್ಳುತ್ತಿದ್ದೆ. ಭಯವಾದಾಗ ಅವಳು ಯಾವುದಾದರೂ ಬಟ್ಟೆಯನ್ನು ಮಡಿಸುತ್ತಲೇ ಇರುತ್ತಾಳೆ. ಅಪ್ಪ ತೀರಿಕೊಂಡ ದಿನ ಅಂಗಡಿಯ ಎಲ್ಲ ಅಂಗಿಗಳನ್ನು ಬಿಚ್ಚಿ ಮತ್ತೆ ಮಡಿಸಿದ್ದಳು.

ಆಮೇಲೆ ಡಾಕ್ಟರು ಬಂದು ನಮಗೆ ಕಪ್ಪು ಕನ್ನಡಕ ಕೊಟ್ಟು ಕೆಂಪು ದೀಪ ಹಾಕುತ್ತಿದ್ದರು. ಗೋಡೆ, ಹಾಸು, ಅಮ್ಮನ ಮುಖ ಎಲ್ಲವೂ ಒಂದೇ ಕೆಂಪಾಗುತ್ತಿತ್ತು.

ಗಾಯ ಸುಧಾರಿಸಿತು. ಅದರಲ್ಲಿ ಅನುಮಾನವಿರಲಿಲ್ಲ. ನಡುವೆ ಬೂದು ಬಣ್ಣ ಹೋಗಿ ಹೊಸ ಮಾಂಸ ಗುಲಾಬಿಯಾಗಿ ಎದ್ದುಬಂತು, ಸುತ್ತಲಿನ ಚರ್ಮ ಅದರ ಮೇಲೆ ಹಬ್ಬಿ ಮುಚ್ಚತೊಡಗಿತು. ಡಾಕ್ಟರು ಪ್ರತಿ ಸಲ ಫೋಟೋ ತೆಗೆದು ಹಿಂದಿನದರ ಪಕ್ಕದಲ್ಲಿಟ್ಟು ತೋರಿಸುತ್ತಿದ್ದರು. ಸಿಸ್ಟರಿಗಂತೂ ಅಮ್ಮನೆಂದರೆ ಅಚ್ಚುಮೆಚ್ಚು. ಉಳಿದವರು ಹಾಸೆಲ್ಲ ನೀಲಿ ಮಾಡಿಹೋಗುತ್ತಾರೆ, ಇವರಷ್ಟು ಚೊಕ್ಕಟವಾಗಿ ಕೂರುವ ಪೇಷೆಂಟನ್ನು ನಾನು ಕಂಡೇ ಇಲ್ಲ ಎನ್ನುತ್ತಿದ್ದಳು. ಅಮ್ಮ ಮುಖ ಕೆಳಗೆ ಮಾಡಿಕೊಂಡು ಖುಷಿಪಡುತ್ತಿದ್ದಳು. ನಾನೂ ಪಟ್ಟೆ.

ಆದರೆ ಮನೆಯಲ್ಲಿ ಬ್ಯಾಂಡೇಜು ಬಿಚ್ಚುವಾಗ ನನಗೊಂದು ವಾಸನೆ ಬರತೊಡಗಿತ್ತು. ದುರ್ವಾಸನೆ ಎನ್ನಲಾಗದು. ಹಣ್ಣು ಕೊಳೆಯುವ ಹಿಂದಿನ ದಿನದ ಸಿಹಿ ಇರುತ್ತದಲ್ಲ, ಹಾಗೆ. ಬಟ್ಟೆಯ ನಡುವೆ ಏನೂ ಇರುತ್ತಿರಲಿಲ್ಲ. ಸುತ್ತ ಮಾತ್ರ ಬಳೆಯ ಹಾಗೆ ತಿಳಿಹಸಿರು ಗೆರೆ. ತಮ್ಮನಿಗೆ ತೋರಿಸಿದೆ. ಅವನು ಮೂಸಿ ನೋಡಿ, ಅಕ್ಕ, ನಿನಗೆ ನಾನು ಸ್ನಾನ ಮಾಡಿ ಬಂದರೂ ವಾಸನೆಯೇ ಎಂದ. ಅಮ್ಮ ಆ ಬಟ್ಟೆಯನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ಕಲೆ ವಿಷಯ ನನಗೆ ಹೇಳ್ಕೊಡ್ತೀಯಾ ನೀನು? ಮುಲಾಮು ಅದು. ಗಾಯ ಮುಚ್ಕೋತಾ ಇದೆ, ಕಣ್ಣು ಹಾಕ್ಬೇಡ."

ಡಾಕ್ಟರಿಗೆ ಹೇಳಬೇಕೆಂದುಕೊಂಡೆ. ಅವರು ಅಂದು ಫೋಟೋಗಳನ್ನು ತೋರಿಸುತ್ತ ಎಷ್ಟು ಸಂತೋಷವಾಗಿದ್ದರೆಂದರೆ, ಹಸಿರು ಗೆರೆ ಎಂಬ ಮಾತು ಬಾಯಿಗೆ ಬಂದು ಹಾಗೇ ಹಿಂದಕ್ಕೆ ಹೋಯಿತು.

ಮುಂದಿನ ಸಲ ಹೋದಾಗ ಹೊರಗಿನ ಬೆಂಚಿನಲ್ಲಿ ನಮ್ಮ ಪಕ್ಕ ಒಬ್ಬ ವಯಸ್ಸಾದವರು ಕೂತಿದ್ದರು. ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರಂತೆ; ಈಗಲೂ ಸ್ವಲ್ಪ ಮುಂದೆ ಸರಿಯಿರಿ, ಮುಂದೆ ಸರಿಯಿರಿ ಎಂದು ನಮ್ಮನ್ನೆಲ್ಲ ಒತ್ತಿ ಕೂರಿಸಿ ನಗಿಸುತ್ತಿದ್ದರು. ಅವರದೂ ಸಕ್ಕರೆ ಕಾಯಿಲೆಯ ಕಾಲು, ಅವರದೂ ಇದೇ ಚಿಕಿತ್ಸೆ. ಗಾಯ ಪೂರ್ತಿ ವಾಸಿಯಾಗಿ, ಕೊನೆಯ ಸಲ ತೋರಿಸಿಹೋಗಲು ಬಂದಿದ್ದರು. ಚಪ್ಪಲಿಯಿಂದ ಕಾಲು ಹೊರತೆಗೆದು ಹೆಮ್ಮೆಯಿಂದ ಮುಂದಿಟ್ಟರು. ಹಿಮ್ಮಡಿಯಿಂದ ಬೆರಳುಗಳವರೆಗೆ ನೀಲಿ ನೀಲಿ. ಉಗುರಿನ ಸಂದಿನಲ್ಲೂ ನೀಲಿ.

"ಎಷ್ಟು ಉಜ್ಜಿದ್ರೂ ಹೋಗಲ್ಲ ಕಣಮ್ಮ. ಶಾಯಿ ಬಾಟ್ಲಿ ತುಳಿದ್ಯಾ ತಾತಾ ಅಂತಾಳೆ ಮೊಮ್ಮಗಳು. ವಾರಗಟ್ಟಲೆ ಹಿಂಗೇ ಇರತ್ತಂತೆ, ಎಲ್ರಿಗೂ."

ಎಲ್ಲರಿಗೂ. ನಾನು ಅಮ್ಮನ ಕಾಲು ನೋಡಿದೆ. ಹೊಸ ಬ್ಯಾಂಡೇಜಿನ ಸುತ್ತ ಅವಳ ಪಾದ ತೊಳೆದಿಟ್ಟ ಪಿಂಗಾಣಿ ತಟ್ಟೆಯಂತಿತ್ತು. ಒಂದು ಚುಕ್ಕೆ ನೀಲಿ ಇಲ್ಲ. ಅಮ್ಮ ಕಂಡಕ್ಟರ ಕಾಲನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಇದ್ದದ್ದು ಕನಿಕರ. ಒಂದು ಒಳ್ಳೆಯ ಅಂಗಿಯನ್ನು ಹಾಳುಮಾಡಿಕೊಂಡವರನ್ನು ನೋಡುವಾಗಿನ ಕನಿಕರ.

ಒಳಗೆ ಹೋದೆವು. ಬಣ್ಣ ಹನಿಸಿದರು, ದೀಪ ಆರಿತು, ಪರದೆ ಬಿತ್ತು. ನಾನು ಸ್ಟೂಲನ್ನು ಸದ್ದಾಗದಂತೆ ಎತ್ತಿ ಅಮ್ಮನ ಕುರ್ಚಿಯ ಹತ್ತಿರ ಇಟ್ಟುಕೊಂಡು ಕೂತೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಚೀಲದ ಜಿಪ್ಪು ಸರಿದ ಸದ್ದು. ಸ್ಪಿರಿಟ್ಟಿನ ತಣ್ಣನೆಯ ವಾಸನೆ. ಆಸ್ಪತ್ರೆಯೆಂದರೆ ಅದೇ ವಾಸನೆಯಾದ್ದರಿಂದ ಇಷ್ಟು ದಿನ ನನ್ನ ಮೂಗು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆಮೇಲೆ ಸರ್‌ಸರ್, ಸರ್‌ಸರ್.

ಕತ್ತಲಲ್ಲಿ ಕೈ ಚಾಚಿದೆ. ಅಮ್ಮನ ಮಣಿಕಟ್ಟು ಸಿಕ್ಕಿತು. ಅದರಾಚೆ ಒದ್ದೆ ಬಟ್ಟೆ ಸುತ್ತಿದ ಬೆರಳು.

"ಏನು ಮಾಡ್ತಿದೀಯಮ್ಮ?"

"ಮೆಲ್ಲಗೆ ಮಾತಾಡು. ಮುಗೀತು."

"ಬಣ್ಣ ಒರೆಸ್ತಿದೀಯಾ?"

"ಅಂಚಿಗೆ ಬಂದಿದ್ದನ್ನ ಮಾತ್ರ. ನಡುವೆ ಮುಟ್ಟಲ್ಲ, ಅಷ್ಟು ಗೊತ್ತಾಗಲ್ವಾ ನಂಗೆ? ಬೆಳಕು ಬಿದ್ದ ಮೇಲೆ ಕಲೆ ಕೂತ್ಬಿಡತ್ತೆ ಕಣೇ. ಬೀಳೋಕೆ ಮುಂಚೇನೇ ತೆಗೀಬೇಕು. ಪಾಪ ಆ ಯಜಮಾನರಿಗೆ ಯಾರೂ ಹೇಳಿಲ್ಲ, ನೋಡು ಕಾಲು ಹೆಂಗೆ ಮಾಡ್ಕೊಂಡಿದಾರೆ."

ಪ್ರತಿ ಸಲವೂ ಒರೆಸಿದೆಯಾ ಎಂದು ಕೇಳಿದೆ. ಮತ್ತೇನು, ಒಂದು ಸಲ ಬಿಟ್ಟರೂ ಕೂತುಬಿಡುತ್ತದೆ ಎಂದಳು. ಗಾಯದ ಅಂಚಿನಲ್ಲಿ ಚರ್ಮ ಸ್ವಲ್ಪ ಎದ್ದಿದೆಯಂತೆ, ಜೇಬಿನ ಹಾಗೆ. ಬಣ್ಣವೆಲ್ಲ ಅದರೊಳಗೇ ಹೋಗಿ ನಿಲ್ಲುತ್ತದಂತೆ. ಬೆರಳಿಗೆ ಬಟ್ಟೆ ಸುತ್ತಿ ಅದರ ಅಡಿಗೆ ತೂರಿಸಿ ಹೀರಿ ತೆಗೆಯಬೇಕಂತೆ. ನೋವಾಗುವುದಿಲ್ಲವಾದ್ದರಿಂದ ಸಲೀಸು. ಆಮೇಲೆ ಹಾಸಿಗೂ ಹತ್ತುವುದಿಲ್ಲ. ಈ ಹಾಸುಗಳನ್ನು ಒಗೆಯುವವಳು ಎಲ್ಲೋ ಒಬ್ಬಳು ಇರುತ್ತಾಳಲ್ಲ. ಅಮ್ಮ ಇದನ್ನೆಲ್ಲ ಹೇಳಿದ್ದು ನನಗೆ ಕೆಲಸ ಕಲಿಸುವ ದನಿಯಲ್ಲಿ.

"ಅಮ್ಮ, ಆ ಬಣ್ಣಾನೇ ಔಷಧಿ."

ಅವಳು ಕೈ ಕೊಸರಿಕೊಳ್ಳುವುದನ್ನು ನಿಲ್ಲಿಸಿದಳು.

"ಬೆಳಕಲ್ವಾ?"

"ಬಣ್ಣ ಇರೋ ಕಡೆ ಮಾತ್ರ ಬೆಳಕು ಕೆಲಸ ಮಾಡತ್ತೆ."

ಕತ್ತಲಲ್ಲಿ ಅವಳ ಉಸಿರು ಕೇಳುತ್ತಿತ್ತು. ಹೊರಗೆ ಯಾರೋ ಗಾಲಿ ಕುರ್ಚಿ ತಳ್ಳಿಕೊಂಡು ಹೋದರು. ಅದರ ಒಂದು ಚಕ್ರ ಕಿರುಗುಟ್ಟುತ್ತ ದೂರವಾಯಿತು.

"ಹೇಳ್ಬೇಡ," ಎಂದಳು ಅಮ್ಮ. "ಇನ್ಮೇಲೆ ಒರೆಸಲ್ಲ. ಮುಚ್ಕೋತಾ ಇದೆಯಲ್ಲ, ನೀನೇ ನೋಡಿದೀಯ. ಈಗ ಹೇಳಿದ್ರೆ ಮತ್ತೆ ಬಿಡಿಸ್ತಾರೆ."

ನಾನು ಅದನ್ನೇ ಯೋಚಿಸುತ್ತಿದ್ದೆ. ಮುಚ್ಚಿಕೊಳ್ಳುತ್ತಾ ಇದೆ. ನಡುವೆ ಗುಲಾಬಿ, ಮೇಲೆ ಹೊಸ ಚರ್ಮ, ಪ್ರತಿ ವಾರ ಇನ್ನಷ್ಟು ಅಂದವಾಗಿ. ಅದರ ಅಡಿಯಲ್ಲಿ, ಬಣ್ಣ ಒಂದು ಸಲವೂ ನಿಲ್ಲದ ಆ ಜೇಬಿನಲ್ಲಿ ಇರುವುದರ ಮೇಲೆ ಮುಚ್ಚಿಕೊಳ್ಳುತ್ತಾ ಇದೆ.

ಪರದೆ ಸರಿಯಿತು. ಡಾಕ್ಟರು ಬಂದರು. ಅವರು ಕೆಂಪು ದೀಪದ ಗುಂಡಿ ಒತ್ತುವ ಮೊದಲು ನಾನು ಹೇಳಿದೆ. ಎಲ್ಲವನ್ನೂ, ಹಸಿರು ಗೆರೆಯನ್ನೂ ಸೇರಿಸಿ. ಅಮ್ಮ ನನ್ನ ಕಡೆ ತಿರುಗಲಿಲ್ಲ.

ಡಾಕ್ಟರು ಗದರಿಸಲಿಲ್ಲ. ಗದರಿಸಿದ್ದರೆ ಚೆನ್ನಾಗಿತ್ತು. ಅವರು ಕೆಂಪು ದೀಪವನ್ನು ಪಕ್ಕಕ್ಕೆ ತಳ್ಳಿ, ಉಳಿದ ಬಣ್ಣವನ್ನು ಸಿಸ್ಟರ್ ಕೈಯಲ್ಲಿ ತೊಳೆಸಿ, ಕಪಾಟಿನಿಂದ ಟಾರ್ಚಿನಂಥ ಇನ್ನೊಂದು ದೀಪ ತಂದರು. ಇದು ಕೊಲ್ಲುವ ಬೆಳಕಲ್ಲ, ತೋರಿಸುವ ಬೆಳಕು, ಕೆಲವು ಕ್ರಿಮಿಗಳು ಇದರ ಕೆಳಗೆ ತಾವೇ ಹೊಳೆಯುತ್ತವೆ ಎಂದರು. ಮೊದಲ ದಿನ ನೋಡಿದ್ದೆವು, ಆಮೇಲೆ ಗಾಯ ಚೆನ್ನಾಗಿ ಕಂಡದ್ದರಿಂದ ಬೇಡವೆನಿಸಿತು ಎಂದೂ ಹೇಳಿದರು. ಮತ್ತೆ ಕತ್ತಲು ಮಾಡಿದರು. ನೇರಳೆ ಬೆಳಕು ಅಮ್ಮನ ಪಾದದ ಮೇಲೆ ಬಿತ್ತು.

ಗಾಯದ ನಡುಭಾಗ ಕಪ್ಪಗೆ, ನಿಶ್ಚಲವಾಗಿತ್ತು. ಸುತ್ತ, ಅಂಚಿನ ಉದ್ದಕ್ಕೂ, ಒಂದು ಕೆಂಪು ಉಂಗುರ. ಬೂದಿಯ ಅಡಿಯ ಕೆಂಡದ ಹಾಗೆ. ಅದು ಒಂದೇ ಅಗಲವಾಗಿ, ಎಲ್ಲೂ ಅಂಕುಡೊಂಕಾಗದೆ, ತುಂಬ ಅಚ್ಚುಕಟ್ಟಾಗಿ ಇತ್ತು. ಅಮ್ಮನ ಕೈಕೆಲಸ ಯಾವಾಗಲೂ ಅಚ್ಚುಕಟ್ಟು.

ಡಾಕ್ಟರು ದೀಪ ಹಾಕಿ ಒಂದು ತೆಳ್ಳನೆಯ ಉಕ್ಕಿನ ಕಡ್ಡಿಯನ್ನು ಅಂಚಿನ ಚರ್ಮದ ಅಡಿಗೆ ತೂರಿಸಿದರು. ಒಂದಿಷ್ಟು ಹೋಗಿ ನಿಲ್ಲುತ್ತದೆ ಎಂದುಕೊಂಡಿದ್ದೆ. ಹೋಗುತ್ತಲೇ ಇತ್ತು. ಅಮ್ಮ ಯಾರದೋ ಕಾಲನ್ನು ನೋಡುವಂತೆ ನೋಡುತ್ತಿದ್ದಳು. ಆಮೇಲೆ ಒಳಗೆಲ್ಲೋ ಕಡ್ಡಿಯ ತುದಿ ಗಟ್ಟಿಯಾದದ್ದಕ್ಕೆ ತಾಗಿ ಟಕ್ ಎಂದಿತು. ಸಣ್ಣ ಸದ್ದು. ಸಿಸ್ಟರ್ ತಲೆಯೆತ್ತಿ ಡಾಕ್ಟರ ಮುಖ ನೋಡಿ ಮತ್ತೆ ತಗ್ಗಿಸಿದಳು. ಅದು ಮೂಳೆ ಎಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

ಕೈಲಾದದ್ದೆಲ್ಲ ಮಾಡಿದರು. ಹೊಸ ಚರ್ಮವನ್ನು ಕೊಯ್ದು ಗಾಯವನ್ನು ಪೂರ್ತಿ ತೆರೆದರು. ಅಷ್ಟು ದಿನದ ಗುಲಾಬಿ ಒಂದು ಬಟ್ಟಲಿನಲ್ಲಿ ಬಂದು ಬಿತ್ತು. ಮತ್ತೆ ಬಣ್ಣ, ಮತ್ತೆ ಕತ್ತಲು, ಮತ್ತೆ ಕೆಂಪು. ಆ ಸಲಗಳಲ್ಲಿ ಅಮ್ಮ ಎರಡೂ ಕೈಗಳನ್ನು ತೊಡೆಯ ಅಡಿ ಇಟ್ಟುಕೊಂಡು ಕೂರುತ್ತಿದ್ದಳು. ಹಾಸೆಲ್ಲ ನೀಲಿಯಾಯಿತು, ಕಾಲೆಲ್ಲ ನೀಲಿಯಾಯಿತು. ತಮ್ಮ ಅಂಗಡಿಗೆ ಬೀಗ ಹಾಕಿ ಬಂದು ಬೆಂಚಿನಲ್ಲಿ ಕೂತಿರುತ್ತಿದ್ದ, ತಮಾಷೆ ಮಾಡುತ್ತಿರಲಿಲ್ಲ. ನೇರಳೆ ದೀಪದ ಕೆಳಗೆ ಉಂಗುರ ಮಸುಕಾಯಿತು, ಅಲ್ಲಲ್ಲಿ ಕಡಿಯಿತು, ಕೊನೆಗೆ ಆರಿಯೇ ಹೋಯಿತು. ಆದರೆ ಈ ಬೆಳಕು ಮಾಂಸದಲ್ಲಿ ಸ್ವಲ್ಪ ದೂರ ಮಾತ್ರ ಇಳಿಯುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅಷ್ಟರಲ್ಲಿ ಜ್ವರ ಬಂತು. ಸ್ಕ್ಯಾನಿನಲ್ಲಿ ಪಾದದ ಮೂಳೆಗಳು ಹುಳ ತಿಂದ ಉಣ್ಣೆಬಟ್ಟೆಯ ಹಾಗೆ ಕಂಡವು. ಹಾಗೆ ಅಂದವಳು ಅಮ್ಮನೇ, ಕಂಪ್ಯೂಟರ್ ಪರದೆಯ ಮೇಲಿನ ಚಿತ್ರ ನೋಡಿ. ಇದಕ್ಕೆ ರಫೂ ಮಾಡಕ್ಕಾಗಲ್ಲ ಎಂದೂ ಅವಳೇ ಅಂದಳು.

ನಿನ್ನೆ ಮಧ್ಯಾಹ್ನ ಅವಳನ್ನು ವಾರ್ಡಿಗೆ ಸೇರಿಸಿಕೊಂಡರು. ದೊಡ್ಡ ಕಿಟಕಿಯ ಪಕ್ಕದ ಹಾಸಿಗೆ. ಬಿಸಿಲು ಅವಳ ಪಾದದವರೆಗೆ ಬಂದಿತ್ತು. ಇಲ್ಲಿನ ಸರ್ಜನ್ ಬಂದು, ಜೇಬಿನಿಂದ ಪೆನ್ನು ತೆಗೆದು, ಮೊಣಕಾಲಿನ ಸ್ವಲ್ಪ ಕೆಳಗೆ ಕಾಲಿನ ಸುತ್ತ ಒಂದು ಗೆರೆ ಎಳೆದು ಹೋದರು. ನೀಲಿ ಗೆರೆ. ಚರ್ಮದ ಮೇಲೆ ಅದು ಇನ್ನೂ ಹಸಿಯಾಗಿ ಮಿರುಗುತ್ತಿತ್ತು.

ಬೆಳಕಿನ ಕೋಣೆಯ ಅದೇ ಸಿಸ್ಟರ್ ಬಂದು ಹೊದಿಕೆ ಸರಿಮಾಡಿದಳು. ಆಪರೇಷನ್ ಆಗುವವರೆಗೂ ಈ ಗುರುತಿಗೆ ನೀರು ತಾಗಿಸಬೇಡಿ, ಒರೆಸಬೇಡಿ ಎಂದು ಎಲ್ಲರಿಗೂ ಹೇಳುವ ಹಾಗೆ ಹೇಳುತ್ತ ಬಂದವಳು, ಒರೆಸಬೇಡಿ ಎಂಬಲ್ಲಿಗೆ ತಡವರಿಸಿ, ಥರ್ಮಾಮೀಟರನ್ನು ನೋಡುತ್ತ ನಿಂತಳು.

ಅವಳು ಹೋದ ಮೇಲೆ ಅಮ್ಮ ಆ ಗೆರೆಯನ್ನೇ ನೋಡಿದಳು. ಬಹಳ ಹೊತ್ತು. ಆಮೇಲೆ ಎರಡೂ ಕೈಗಳನ್ನು ನನ್ನ ಕಡೆ ಚಾಚಿದಳು.

"ಹಿಡ್ಕೋ."

ಹಿಡಿದುಕೊಂಡೆ. ಸ್ಪಿರಿಟ್ಟು ತಿಂದು ಒರಟಾದ ಬೆರಳುಗಳು, ಬಿಸಿಯಾಗಿದ್ದವು. ಅವಳು ದಿಂಬಿಗೆ ಒರಗಿ ಕಣ್ಣು ಮುಚ್ಚಿದಳು. ಬಿಸಿಲು ನಿಧಾನವಾಗಿ ಮೇಲೆ ಸರಿಯುತ್ತ ನೀಲಿ ಗೆರೆಯ ಹತ್ತಿರ ಬರುತ್ತಿತ್ತು. ನನ್ನ ಮುಷ್ಟಿಯೊಳಗೆ ಅವಳ ಒಂದು ಬೆರಳು ಅಲ್ಲಾಡತೊಡಗಿತು. ಅಂಗೈಯ ಅಂಚಿನಿಂದ ನಡುವಿಗೆ, ಮತ್ತೆ ಅಂಚಿನಿಂದ ನಡುವಿಗೆ. ನಾನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.